ಹಿಡಿ

ಪರದೆಯ ಮೇಲೆ ನಿಮ್ಮ ನಡು,
ಅಡ್ಡ ಕೊಯ್ದ ಬಾಳೆದಿಂಡಿನ ಬಿಲ್ಲೆ.
ಬೆನ್ನುಮೂಳೆಯ ಎಡಬಲಕ್ಕೆ ಎರಡು ಬೂದು ಮಚ್ಚೆ.
ಮೆಟ್ಟಿಲಿಗೆ ತೊಡೆ ಎತ್ತುವವು ಇವು, ಮಿಸ್ಟರ್ ಸ್ಟೇದರ್ಸ್,
ಅಂಚು ಬಳಸಿ ಗೆರೆ ಎಳೆದೆ.
ಪಹಣಿಯಲ್ಲಿ ಗುಂಟೆ ಬರೆದಂತೆ
ಯಂತ್ರ ವಿಸ್ತೀರ್ಣ ಬರೆಯಿತು.
ಸಣ್ಣ ಹಿಡುವಳಿ.

ಮುಂದೆ ಉಬ್ಬಿ ಕೂತಿದೆ ಮಹಾಧಮನಿ,
ಸುಮಾರು ಆರು ಸೆಂಟಿಮೀಟರ್.
ಎಲ್ಲರ ಕಣ್ಣೂ ಅದರ ಮೇಲೆ,
ಮನೆಗೆ ನುಗ್ಗಿದ ಕಳ್ಳನ ಮೇಲೆ ಇದ್ದ ಹಾಗೆ.
ಕಂಬಕ್ಕೆ ಗೆದ್ದಲು ಹತ್ತಿದೆಯೇ ಅಂತ
ತಟ್ಟಿ ನೋಡುವವಳು ನಾನೊಬ್ಬಳೇ,
ಆಹಾರತಜ್ಞೆ, ಮೂರನೇ ಮಹಡಿ, ಕಿಟಕಿಯಿಲ್ಲದ ಕೋಣೆ.

ಹಿಡೀರಿ, ಅಂದೆ.
ಹಿಡಿದಿರಿ. ಮುಳ್ಳು ಹದಿನೇಳು ಕಿಲೋಗೆ ನಿಂತಿತು.
ಇನ್ನೊಮ್ಮೆ.
ಹದಿನೇಳು.
ನಿನ್ನ ಯಂತ್ರ ಕೆಟ್ಟಿದೆ ಮಗಳೇ, ಅಂದಿರಿ.

ಹಲ್ ಊರಿನ ಹಡಗುಕಟ್ಟೆಯಲ್ಲಿ
ರಾತ್ರಿ ಎರಡಕ್ಕೆ, ಮರದ ಅಟ್ಟೆಯ ಜೋಡು ಮೆಟ್ಟಿ,
ಹತ್ತು ಸ್ಟೋನ್ ತೂಕದ ಮೀನಿನ ತೊಟ್ಟಿ ಎಳೆದವರು ನೀವು.
ಬೆರಳಿಗೆ ಅದು ಇನ್ನೂ ನೆನಪಿದೆ,
ತೋಳಿಗೆ ಇಲ್ಲ.

ನನ್ನಜ್ಜನೂ ಹೀಗೇ. ರಾಣೆಬೆನ್ನೂರಿನ ಗರಡಿ ಬಿಟ್ಟು
ಮೂವತ್ತು ವರ್ಷವಾದರೂ ರಟ್ಟೆ ತನ್ನದೇ ಅಂದುಕೊಂಡಿದ್ದ.
ರಟ್ಟೆ ಯಾರ ಸ್ವಂತದ್ದೂ ಅಲ್ಲ, ದಿನದ ಬಾಡಿಗೆಯದು.
ಖುರಾಕು ಅನ್ನುತ್ತಿದ್ದರು ಆ ಬಾಡಿಗೆಗೆ:
ಹಾಲು, ನೆನೆಸಿದ ಬಾದಾಮಿ,
ಮತ್ತೆ ನೂರು ಬಸ್ಕಿ.

ನಿನ್ನೆ ಏನು ತಿಂದಿರಿ?
ಟೋಸ್ಟ್.
ಮೊನ್ನೆ?
ಚಹಾ. ಟೋಸ್ಟ್.
ಬೆರಿಲ್ ಹೋದಮೇಲೆ ಒಬ್ಬನಿಗಾಗಿ ಒಲೆ ಯಾಕೆ?
ತೂಕ ಮಾತ್ರ ಎಪ್ಪತ್ತೆಂಟು ಕಿಲೋ, ಸುಳ್ಳುಸಾಕ್ಷಿ.
ಬೆನ್ನಿನಿಂದ ಕಡ ತಂದು
ಹೊಟ್ಟೆಗೆ ಜಮಾ ಮಾಡಿದ ಲೆಕ್ಕ.

ಪೆಥಿಕ್ ಮಿತಭಾಷಿ ಸರ್ಜನ್:
ಕೊಳವೆ ನಾನು ಹೊಲಿದೇನು.
ಆಮೇಲಿನ ಹತ್ತು ದಿನ ಅವನು
ತನ್ನನ್ನೇ ತಿಂದು ಬದುಕಬೇಕು.
ತಿನ್ನಲು ಏನಿದೆ, ನೀನೇ ಹೇಳು.
ಆರು ವಾರ ಕೊಡುತ್ತೇನೆ,
ಆ ಉಬ್ಬು ಕೊಟ್ಟರೆ.

ಹೋದ ಮಾರ್ಚ್‌ನಲ್ಲಿ ಒಬ್ಬರು, ಹೆಸರು ಬೇಡ.
ಹೊಲಿಗೆ ಚೆನ್ನಾಗಿಯೇ ಕೂತಿತ್ತು.
ಹನ್ನೆರಡನೆಯ ದಿನ
ಕೆಮ್ಮಲು ಕಸುವಿಲ್ಲದೆ ಹೋದರು.
ನ್ಯುಮೋನಿಯಾ, ಅಂತ ಬರೆದರು.
ಟೋಸ್ಟ್ ಅಂತ ಬರೆಯಲು
ಆ ಕಾಗದದಲ್ಲಿ ಅಂಕಣವಿಲ್ಲ.

ಹಾಗಾಗಿ ಮೀನು ಮುಟ್ಟದ ಮನೆಯ ನಾನು
ಬಂಗುಡೆ ಡಬ್ಬಿಯ ಗುಣಗಾನಕ್ಕೆ ಕೂತೆ.
ಮೀನೇ? ಬೇಡವೇ ಬೇಡ,
ಇಪ್ಪತ್ತು ವರ್ಷ ಬೆರಿಲ್ ನನ್ನ ಅಂಗಿಯನ್ನು
ಹೊರಗೇ ಕಳಚಿಸುತ್ತಿದ್ದಳು.
ಸರಿ, ಮೊಟ್ಟೆ. ಸರಿ, ಹಾಲು, ಹಾಲಿಗೆ ಇನ್ನಷ್ಟು ಹಾಲಿನಪುಡಿ.
ಕುರ್ಚಿಯಿಂದ ಏಳಿ, ಕೂಡಿ, ಏಳಿ.
ಮೊದಲ ವಾರ ನಾಲ್ಕು ಸಲ,
ಕೊನೆಗೆ ಹನ್ನೊಂದು, ಬೈಗುಳ ಲೆಕ್ಕಕ್ಕಿಲ್ಲ.
ಫೋನಿನಲ್ಲಿ ನಾನು ಎಣಿಸುವಾಗ
ಒಂದು ಎರಡು ಕನ್ನಡಕ್ಕೆ ಜಾರಿದ್ದು
ನಿಮ್ಮ ಗಮನಕ್ಕೆ ಬರಲಿಲ್ಲ.

ಹತ್ತೊಂಬತ್ತೂವರೆ.
ಆರು ವಾರಕ್ಕೆ ಎರಡೂವರೆ ಕಿಲೋ ಹಿಡಿತ,
ಒಂದು ಚೀಲ ಬಟಾಟೆ.
ಸಾಕೇ? ಪೆಥಿಕ್ ಹುಬ್ಬು ಏರಿಸಿದರು, ಇಳಿಸಿದರು,
ಕೈ ತೊಳೆಯಲು ಹೋದರು.

ಇಂದು ಒಂಬತ್ತನೆಯ ದಿನ.
ಹಂಬರ್ ನದಿಯ ಕಡೆಯಿಂದ ಮಂಜು, ವಾರ್ಡಿನಲ್ಲಿ ಬಟ್ಟಲುಗಳ ಸದ್ದು.
ನಿಮ್ಮ ಕೆನ್ನೆ ಒಳಕ್ಕೆ ಹೋಗಿದೆ,
ತೋಳಿನಲ್ಲಿ ಗಳಿಸಿದ್ದು ಬಹುಪಾಲು ಖರ್ಚಾಗಿದೆ.
ಖರ್ಚು ಮಾಡಲೆಂದೇ ಗಳಿಸಿದ್ದು, ಬಿಡಿ.
ಚಮಚ ಎತ್ತಿದಿರಿ. ನಡುಗಿ ಓಟ್ಸ್ ಗಂಜಿ
ಎದೆಯ ಮೇಲೆ ಚೆಲ್ಲಿತು.
ನಾನು ಹಿಡಿಯಲೇ?
ತಲೆಯಾಡಿಸಿದಿರಿ, ಬೇಡ.
ಮತ್ತೆ ಎತ್ತಿದಿರಿ.

ಪಟ್ಟಿಯಲ್ಲಿ ಇರುವುದು ಮೂರೇ ಮನೆ:
ಕಾಲು, ಅರ್ಧ, ಪೂರ್ತಿ.
ಅಂಚಿನಲ್ಲಿ, ಈ ಮಹಡಿಯಲ್ಲಿ ಯಾರೂ ಓದಲಾರದ ಅಕ್ಷರದಲ್ಲಿ,
ಬರೆದೆ: ಒಂದು ಹಿಡಿ.

ಹತ್ತನೆಯದು ನಾಳೆ.